ಕಟಿಂಗ್ ಮಷಿನ್‌ನ ಸೆನ್ಸರ್ ಬ್ಲೇಡಿನಿಂದ ಎಷ್ಟು ದೂರ ಇರಬೇಕು? ಅಪ್ರೆಂಟಿಸ್ ಗೆಳೆಯರಿಗೆ ಟಿಪ್ಪಣಿ

ಗದಗಕ್ಕೆ ಮುದ್ರಣ ಕಾಶಿ ಅನ್ನೋ ಹೆಸರು ಸುಮ್ನೆ ಬಂದಿಲ್ಲ ಅಲ್ವಾ. ಇಲ್ಲಿನ ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ನಾನು ಅಪ್ರೆಂಟಿಸ್. ಎರಡು ವಾರದಿಂದ ಪೇಪರ್ ಕಟಿಂಗ್ ಮಷಿನ್‌ನ ಸುರಕ್ಷತೆ ಓದುತ್ತಿದ್ದೇನೆ. ಅದರಲ್ಲಿ ಒಂದು ಲೆಕ್ಕ ನನ್ನನ್ನು ಮೂರು ದಿನ ಕಾಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನೀವೂ ಅಲ್ಲೇ ಸಿಕ್ಕಿಕೊಂಡಿದ್ದರೆ ಓದಿ.

ಮೊದಲು ಕ್ಲ್ಯಾಂಪ್

ಮಷಿನ್ ಹೇಗೆ ನಡೆಯುತ್ತದೆ ಅನ್ನೋದನ್ನು ದಿನಾ ನೋಡುತ್ತೀರಿ, ಅದನ್ನು ಬಿಡುತ್ತೇನೆ. ಒಂದು ಮಾತು ಮಾತ್ರ. ನಾವೆಲ್ಲ ಬ್ಲೇಡಿಗೆ ಹೆದರುತ್ತೇವೆ, ಕ್ಲ್ಯಾಂಪನ್ನು ಮರೆಯುತ್ತೇವೆ. ಹಾಳೆಗಳ ಥಪ್ಪಿಯನ್ನು ಅಲುಗದಂತೆ ಒತ್ತಿ ಹಿಡಿಯುವಷ್ಟು ಬಲ ಅದಕ್ಕಿದೆ. ಬ್ಲೇಡಿನ ಗೆರೆ ದಾಟಿ ಒಳಗೆ ಚಾಚಿದ ಕೈ ಮೊದಲು ಸಿಕ್ಕಿಬೀಳುವುದು ಅದರಡಿಗೇ. ಹಾಗಾಗಿ ಕೈ ಅಡ್ಡ ಬಂದಾಗ ಬ್ಲೇಡ್ ಮತ್ತು ಕ್ಲ್ಯಾಂಪ್ ಎರಡೂ ನಿಲ್ಲಬೇಕು.

ಎರಡು ಬಟನ್

ಬ್ಲೇಡ್ ಇಳಿಸಲು ಕೈಗೊಂದರಂತೆ ಎರಡು ಬಟನ್. ಎರಡನ್ನೂ ಅರ್ಧ ಸೆಕೆಂಡಿನ ಒಳಗೆ ಒಟ್ಟಿಗೆ ಒತ್ತಬೇಕು. ಒಂದನ್ನು ಈಗ, ಇನ್ನೊಂದನ್ನು ಆಮೇಲೆ ಒತ್ತಿದರೆ ಮಷಿನ್ ಓಡಬಾರದು. ಎರಡನ್ನೂ ಪೂರ್ತಿ ಬಿಡದೆ ಮುಂದಿನ ಕಟ್ ಬೀಳಬಾರದು. ಯಾರಾದರೂ ಒಂದು ಬಟನ್‌ಗೆ ಟೇಪ್ ಹಚ್ಚಿಬಿಟ್ಟರೆ ಅದು ನಡೆಯದಿರಲಿ ಅಂತಲೇ ಈ ನಿಯಮ. ಬಟನ್‌ಗಳ ನಡುವೆ ಕನಿಷ್ಠ 260 ಮಿಮೀ ಅಂತರ ಯಾಕೆ ಎಂದರೆ, ಒಂದೇ ಅಂಗೈಯನ್ನು ಅಗಲಿಸಿ ಎರಡನ್ನೂ ಒತ್ತಲು ಆಗಬಾರದು.

ಇದೆಲ್ಲ ಕಾಯುವುದು ಬಟನ್ ಒತ್ತುವವನ ಕೈಯನ್ನು ಮಾತ್ರ. ಪಕ್ಕದಲ್ಲಿ ನಿಂತು ರದ್ದಿ ಎಳೆಯುವ ಹುಡುಗನ ಎರಡೂ ಕೈ ಖಾಲಿ ಇರುತ್ತವೆ. ನಾನು ಸೇರಿದ ಹೊಸತರಲ್ಲಿ ಆ ಹುಡುಗ ನಾನೇ. ಅವನನ್ನು ಕಾಯಲಿಕ್ಕೆ ಸೆನ್ಸರ್ ಬೇಕು.

ಸೆನ್ಸರ್, ನಾನು ಎಡವಿದ ಜಾಗ

ಮೇಜಿನ ಎರಡೂ ಬದಿಗೆ ಒಂದೊಂದು ಕಂಬ. ನಡುವೆ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳು. ಕೈ ಅಡ್ಡ ಬಂದರೆ ಬ್ಲೇಡ್ ನಿಲ್ಲುತ್ತದೆ. ಹಾಗಿದ್ದ ಮೇಲೆ ಕಂಬ ಎಲ್ಲಿದ್ದರೇನು, ದೂರದ ಲೆಕ್ಕ ಯಾಕೆ ಅಂತ ನನ್ನ ಪ್ರಶ್ನೆ.

ನಮ್ಮ ಕಟಿಂಗ್ ಕಾಕಾ ಹಾಳೆ ಇಡದೆ ಮಷಿನ್ ಓಡಿಸಿ ತೋರಿಸಿದರು. ಎರಡೂ ಬಟನ್ ಒತ್ತಿ, ಬ್ಲೇಡ್ ಅರ್ಧ ಇಳಿದಾಗ ಕೈ ಬಿಟ್ಟರು. ಬ್ಲೇಡ್ ಇನ್ನೂ ಎರಡು ಬೆರಳಿನಷ್ಟು ಇಳಿದು ನಿಂತಿತು. "ನೋಡಿದಿ ತಮ್ಮಾ? ಕೈ ಬಿಟ್ಟ ಮ್ಯಾಲೂ ಎಷ್ಟು ಇಳೀತು" ಅಂದರು. ಅಷ್ಟು ಹೊತ್ತಿನಲ್ಲಿ ಕೈ ಬ್ಲೇಡಿನವರೆಗೆ ಮುಟ್ಟಬಾರದು. ಕಂಬ ಅಷ್ಟು ದೂರ ಇರಬೇಕು.

ಮಷಿನ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13855ರ 2010ರ ಆವೃತ್ತಿಯ ಸೂತ್ರ ಹೀಗಿದೆ:

ದೂರ = ಕೈಯ ವೇಗ × ನಿಲ್ಲಲು ಹಿಡಿಯುವ ಒಟ್ಟು ಸಮಯ + ಹೆಚ್ಚುವರಿ ದೂರ

ಕೈಯ ವೇಗವನ್ನು ಸೆಕೆಂಡಿಗೆ 2000 ಮಿಮೀ ಎಂದು ಹಿಡಿಯುತ್ತಾರೆ. ಬೀಳುತ್ತಿರುವ ಹಾಳೆ ಹಿಡಿಯಲು ಕೈ ತಟ್ಟನೆ ಹೋಗುತ್ತದಲ್ಲ, ಆ ವೇಗ.

ಸಮಯದಲ್ಲಿ ನನ್ನ ಮೊದಲ ತಪ್ಪು. ಬ್ಲೇಡ್ ನಿಲ್ಲುವ ಸಮಯವನ್ನಷ್ಟೇ ತೆಗೆದುಕೊಂಡಿದ್ದೆ. ಸೆನ್ಸರ್ ಕೈಯನ್ನು ಗುರುತಿಸಿ, ರಿಲೇ (ಕರೆಂಟ್ ಕಡಿಯುವ ಸ್ವಿಚ್) ಬಿದ್ದು, ಆಮೇಲೆ ಬ್ರೇಕ್ ಹಿಡಿಯುತ್ತದೆ. ಇವೆಲ್ಲವನ್ನೂ ಕೂಡಿಸಬೇಕು. ನಮ್ಮ ಮಷಿನ್‌ಗೆ ಎಲೆಕ್ಟ್ರಿಷಿಯನ್ ಮೀಟರ್ ಹಚ್ಚಿ ನೋಡಿದಾಗ ಬ್ಲೇಡಿನದು 0.12 ಸೆಕೆಂಡ್ ಬಂತು. ಸೆನ್ಸರ್ ಮತ್ತು ರಿಲೇ ಸೇರಿ 0.03. ಒಟ್ಟು 0.15.

ಹೆಚ್ಚುವರಿ ದೂರ ಯಾಕೆ ಅನ್ನೋದು ಕೈಯಿಂದಲೇ ಅರ್ಥವಾಯಿತು. ಮೇನ್ ಆಫ್ ಮಾಡಿ, ಸೆನ್ಸರ್‌ಗೆ ಮಾತ್ರ ಕರೆಂಟ್ ಕೊಟ್ಟು, ಒಂದು ಬೆರಳನ್ನು ನಿಧಾನ ಒಳಗೆ ಹಾಕಿದೆ. ಹಸಿರು ದೀಪ ಹಾಗೇ ಇತ್ತು. ಅಂಗೈ ಬಂದಾಗಷ್ಟೇ ಕೆಂಪಾಯಿತು. ನಮ್ಮ ಸೆನ್ಸರ್ ಖಾತ್ರಿಯಾಗಿ ಹಿಡಿಯುವುದು 30 ಮಿಮೀ ದಪ್ಪದ ವಸ್ತುವನ್ನು. ಬೆರಳು ಅದಕ್ಕಿಂತ ಸಣ್ಣದು, ಗೆರೆಗಳ ನಡುವೆ ನುಸುಳಿಬಿಡುತ್ತದೆ. ಅಂದರೆ ಸೆನ್ಸರ್‌ಗೆ ಗೊತ್ತಾಗುವಷ್ಟರಲ್ಲಿ ಬೆರಳು ಆಗಲೇ ಒಳಗಿದೆ. ಅದಕ್ಕೆ 8 × (30 − 14) = 128 ಮಿಮೀ ಕೂಡಿಸುತ್ತಾರೆ. 14 ಮಿಮೀ ಹಿಡಿಯುವ ಸೆನ್ಸರ್ ಆದರೆ ಇದು ಸೊನ್ನೆ.

ಈಗ ಲೆಕ್ಕ: 2000 × 0.15 = 300. ಅದಕ್ಕೆ 128 ಕೂಡಿಸಿದರೆ 428 ಮಿಮೀ.

ಇಲ್ಲಿಯವರೆಗೆ ಸರಿ. ಮೂರು ದಿನ ತಿಂದದ್ದು ಮುಂದಿನದು. ಉತ್ತರ 500 ದಾಟಿದರೆ ವೇಗವನ್ನು 1600ಕ್ಕೆ ಇಳಿಸಿ ಮತ್ತೆ ಲೆಕ್ಕ ಹಾಕಬಹುದು ಎಂದು ನಿಯಮ. ಬ್ರೇಕ್ ಸವೆದು ಒಟ್ಟು ಸಮಯ 0.20 ಆಯಿತು ಎನ್ನಿ. 400 + 128 = 528. 500 ದಾಟಿತು. 1600 ಹಾಕಿದರೆ 320 + 128 = 448. ನಾನು 448 ಅಂತ ಬರೆದೆ. ತಪ್ಪು. ಉತ್ತರ 500.

ಯಾಕೆ? 1600ರ ರಿಯಾಯಿತಿ ಇರುವುದು 500 ಮಿಮೀ ಅಥವಾ ಅದಕ್ಕಿಂತ ದೂರ ನಿಂತ ಕಂಬಕ್ಕೆ. ಆ ರಿಯಾಯಿತಿ ತೆಗೆದುಕೊಂಡು 500ರ ಒಳಗೆ ಬಂದುಬಿಟ್ಟರೆ, ಅಲ್ಲಿ ಮತ್ತೆ 2000ರ ವೇಗವೇ ಅನ್ವಯಿಸುತ್ತದೆ. ಆ ವೇಗಕ್ಕೆ 448 ಸಾಲುವುದಿಲ್ಲ. ಹಾಗಾಗಿ 1600 ಹಾಕಿದಾಗ 500ಕ್ಕಿಂತ ಕಡಿಮೆ ಬಂದರೆ 500 ಎಂದೇ ಹಿಡಿಯಬೇಕು. ಸಮಯ 0.25 ಆಗಿದ್ದರೆ 1600 × 0.25 + 128 = 528. ಅದು 500ಕ್ಕಿಂತ ಜಾಸ್ತಿ, ಹಾಗೇ ಇಟ್ಟುಕೊಳ್ಳಿ. ನಾನು ಇದನ್ನು ನೆನಪಿಡುವ ರೀತಿ: 2000ರಲ್ಲಿ ಹಾಕು, 500 ದಾಟಿದರೆ 1600ರಲ್ಲಿ ಹಾಕು, ಆದರೆ 500ರ ಒಳಗೆ ವಾಪಸ್ ಬರಬೇಡ.

ಲೆಕ್ಕ ಮುಗಿದ ಮೇಲೆ ಟೇಪ್ ಹಿಡಿದು ನಮ್ಮ ಮಷಿನ್ ಅಳೆದೆ. ಬ್ಲೇಡಿನ ಗೆರೆಯಿಂದ ಅಳೆಯಬೇಕು, ಮೇಜಿನ ಅಂಚಿನಿಂದ ಅಲ್ಲ. 310 ಮಿಮೀ ಬಂತು. ಮತ್ತೆ ಅಳೆದೆ, ಅದೇ. 428 ಬೇಕಾದಲ್ಲಿ 310. ಬಗ್ಗಿ ನೋಡಿದರೆ ಮೇಜಿನ ಮೇಲೆ ಬಣ್ಣವಿಲ್ಲದ ಒಂದು ದುಂಡು ಗುರುತು, ನಡುವೆ ಬೋಲ್ಟಿನ ತೂತು, ತೂತಿನ ತುಂಬ ಹಾಳೆಯ ಧೂಳು. ಅದು ಬ್ಲೇಡಿನಿಂದ 450 ಮಿಮೀ ದೂರ. ಕಂಬ ಮೊದಲು ಅಲ್ಲಿತ್ತು. ಕ್ಯಾಲೆಂಡರ್ ಸೀಸನ್‌ನಲ್ಲಿ ದೊಡ್ಡ ಹಾಳೆ ತಿರುಗಿಸಲು ಅಡ್ಡ ಆಗುತ್ತದೆ ಅಂತ ಯಾರೋ ಒಳಗೆ ಸರಿಸಿದ್ದರು. 310ರಲ್ಲಿ 128 ಕಳೆದರೆ 182 ಉಳಿಯುತ್ತದೆ. 2000ದಿಂದ ಭಾಗಿಸಿದರೆ 0.09 ಸೆಕೆಂಡ್. ನಮ್ಮ ಬ್ಲೇಡ್ ಅಷ್ಟರಲ್ಲಿ ನಿಲ್ಲುವುದೇ ಇಲ್ಲ. ನಾನು ದಿನಾ ರದ್ದಿ ಎಳೆಯುತ್ತಿದ್ದದ್ದು ಅದೇ ಕಂಬಗಳ ನಡುವೆ. ಅದನ್ನು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಕಾಕಾಗೆ ಹಾಳೆ ತೋರಿಸಿದೆ. ಅವರು ಲೆಕ್ಕ ಎರಡು ಸಲ ಓದಿ, ಮೇನ್ ಆಫ್ ಮಾಡಿ, ಮಾಲೀಕರನ್ನು ಕರೆತಂದರು. ಮಧ್ಯಾಹ್ನದೊಳಗೆ ಎರಡೂ ಕಂಬ ಹಳೇ ಗುರುತಿನ ಮೇಲೆ ಕೂತವು. ದೊಡ್ಡ ಹಾಳೆಯನ್ನು ಈಗ ಹೊರಗೇ ತಿರುಗಿಸಿ ಒಳಗೆ ತಳ್ಳುತ್ತೇವೆ.

ಇನ್ನೆರಡು ಮಾತು. ಬ್ರೇಕ್ ಸವೆದಷ್ಟೂ ಸಮಯ ಬೆಳೆಯುತ್ತದೆ, ಕಂಬ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ನಿಲ್ಲುವ ಸಮಯವನ್ನು ಆಗಾಗ ಅಳೆಸಬೇಕು. ಎರಡನೆಯದು, ಹಳೇ ಮಷಿನ್ ಕೆಲವದರಲ್ಲಿ ಕ್ಲಚ್ ಒಮ್ಮೆ ಹಿಡಿದರೆ ಪೂರ್ತಿ ಸುತ್ತು ಮುಗಿಸಿಯೇ ಬಿಡುತ್ತದೆ, ನಡುವೆ ನಿಲ್ಲುವುದಿಲ್ಲ. ಅಂಥದ್ದಕ್ಕೆ ಸೆನ್ಸರ್ ಹಾಕಿ ಪ್ರಯೋಜನವಿಲ್ಲ. ಕೈ ಒಳಗೆ ಹೋಗದಂತೆ ಗಟ್ಟಿ ಗಾರ್ಡೇ ಬೇಕು.

ಕಾಯ್ದೆ

1948ರ ಕಾರ್ಖಾನೆ ಕಾಯ್ದೆ 2025ರ ನವೆಂಬರ್‌ವರೆಗೆ ಜಾರಿಯಲ್ಲಿತ್ತು. ಅದರ 21ನೇ ಕಲಂ ಹೇಳುತ್ತಿದ್ದದ್ದು: ಅಪಾಯದ ಭಾಗಕ್ಕೆ ಗಟ್ಟಿ ಬೇಲಿ ಇರಬೇಕು, ಆ ಭಾಗ ಚಲಿಸುವಾಗ ಬೇಲಿ ಜಾಗದಲ್ಲೇ ಇರಬೇಕು. 23ನೇ ಕಲಂ ಹೇಳುತ್ತಿದ್ದದ್ದು: ಅಪಾಯಕಾರಿ ಎಂದು ಗೊತ್ತುಮಾಡಿದ ಮಷಿನ್ ಮೇಲೆ 18 ತುಂಬದವರನ್ನು ಹಚ್ಚುವ ಮೊದಲು ಅಪಾಯ ತಿಳಿಸಿರಬೇಕು, ತರಬೇತಿ ಅಥವಾ ಅನುಭವಿಗಳ ಮೇಲ್ವಿಚಾರಣೆ ಇರಬೇಕು.

ಬ್ಲೇಡ್ ಬದಲಿಸುವಾಗ

ಇಲ್ಲಿ ಬಟನ್, ಸೆನ್ಸರ್ ಯಾವುದೂ ಕಾಯುವುದಿಲ್ಲ. ನಿಂತ ಬ್ಲೇಡೂ ಕೊಯ್ಯುತ್ತದೆ. ಮೇನ್‌ಗೆ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಬ್ಲೇಡಿಗೆ ಹಿಡಿಕೆ ಕೂಡಿಸಿದ ಮೇಲೇ ಕೊನೆಯ ಬೋಲ್ಟಿಗೆ ಪಾನಾ ಹಚ್ಚಿ. ಬಿಚ್ಚಿದ ಬ್ಲೇಡ್ ನೇರ ಕಟ್ಟಿಗೆ ಪೆಟ್ಟಿಗೆಗೆ ಹೋಗಬೇಕು, ಒಂದು ನಿಮಿಷಕ್ಕೂ ಮೇಜಿನ ಮೇಲೆ ಇಡಬೇಡಿ. ಕೈ ಜಾರಿದರೆ ಹಿಡಿಯಲು ಹೋಗದೆ ಹಿಂದೆ ಸರಿಯಿರಿ. ನಮ್ಮಲ್ಲಿ ಕಾಕಾ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟುಕೊಂಡೇ ಮೊದಲ ಬೋಲ್ಟ್ ಸಡಿಲಿಸುತ್ತಾರೆ.