ಜ್ವರದ ಮೈಕೈ ನೋವು ಯಾರ ಕೆಲಸ?

ಗುಳೇದಗುಡ್ಡವಿರಲಿ, ಇಳಕಲ್ ಇರಲಿ, ನಳಕ್ಕೆ ದಿನಾ ನೀರು ಬರದ ಓಣಿಗಳಲ್ಲಿ ಬ್ಯಾರಲ್ಲು, ಟಾಕಿ ತುಂಬಿಸಿ ಇಡುವುದು ರೂಢಿ. ಏಡಿಸ್ ಸೊಳ್ಳೆಗೂ ಇಂಥ ನಿಂತ ತಿಳಿನೀರೇ ಬೇಕು. ಅದು ಕಚ್ಚುವುದು ಹಗಲಲ್ಲಿ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರಿಗೆ ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ಕೆಲವೇ ದಿನಗಳಲ್ಲಿ ಚಿಕುನ್‌ಗುನ್ಯಾ ಜ್ವರ ಏರುತ್ತದೆ, ಮಗ್ಗ ತುಳಿಯಲೂ ಆಗದಷ್ಟು ನೋವು. 2006ರಲ್ಲಿ ಉತ್ತರ ಕರ್ನಾಟಕದ ಎಷ್ಟೋ ಊರುಗಳು ಹೀಗೆ ಹಾಸಿಗೆ ಹಿಡಿದಿದ್ದವು.

ಆ ಚಳಿ, ಸುಸ್ತು, ಮೈಕೈ ನೋವಿನಲ್ಲಿ ದೊಡ್ಡ ಪಾಲು ವೈರಸ್ ನೇರವಾಗಿ ಮಾಡಿದ್ದಲ್ಲ. ನಮ್ಮದೇ ಜೀವಕೋಶಗಳು ಮಲಗಿದ್ದ ಜೀನ್‌ಗಳನ್ನು ಎಬ್ಬಿಸಿದ್ದರ ಫಲ ಅದು.

ಈ ವೈರಸ್ಸಿನ ಬಂಡವಾಳವೆಲ್ಲ ಸುಮಾರು 12,000 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಕೋಶದೊಳಗೆ ಅದರ ನಕಲು ತಯಾರಾಗುವಾಗ ಎರಡು ಎಳೆಗಳು ಉದ್ದಕ್ಕೆ ಜೋಡಿಯಾಗುತ್ತವೆ. ನಮ್ಮ ಆರ್‌ಎನ್‌ಎ ಸಾಮಾನ್ಯವಾಗಿ ಹಾಗಿರುವುದಿಲ್ಲ. ರಿಗ್-ಐ, ಎಂಡಿಎ-5 ಎಂಬ ಪ್ರೊಟೀನ್‌ಗಳು ಈ ವ್ಯತ್ಯಾಸವನ್ನೇ ಹಿಡಿಯುತ್ತವೆ. ಸುದ್ದಿ ಮೈಟೊಕಾಂಡ್ರಿಯದ ಮೇಲಿರುವ ಮ್ಯಾವ್ಸ್ ಪ್ರೊಟೀನಿಗೆ ಮುಟ್ಟಿ, ಅಲ್ಲಿಂದ ನ್ಯೂಕ್ಲಿಯಸ್ಸಿಗೆ ಹೋಗುತ್ತದೆ.

ಅಲ್ಲಿರುವುದು ಇಂಟರ್‌ಫೆರಾನ್ ಬೀಟಾ ಜೀನ್. ಸೋಂಕು ತಗುಲಿದ ಕೋಶ ಹೊರಗೆ ಬಿಟ್ಟು ಪಕ್ಕದ ಕೋಶಗಳನ್ನು ಎಚ್ಚರಿಸುವ ಪ್ರೊಟೀನೇ ಇಂಟರ್‌ಫೆರಾನ್, ಅದನ್ನು ತಯಾರಿಸುವ ಸೂಚನೆ ಈ ಜೀನಿನಲ್ಲಿದೆ. ಮಾಮೂಲಿ ದಿನಗಳಲ್ಲಿ ಅದು ಬಂದ್. ಓದಲು ಶುರುಮಾಡಬೇಕಾದ ಜಾಗದಲ್ಲೇ ಡಿಎನ್‌ಎ ಒಂದು ಪ್ರೊಟೀನ್ ಉಂಡೆಗೆ ಸುತ್ತಿಕೊಂಡಿರುತ್ತದೆ. ಬ್ಯಾಂಕ್ ಲಾಕರಿಗೆ ಎರಡು ಕೀಲಿಕೈ ಸಾಕು, ಇದಕ್ಕೆ ಮೂರು ಬೇಕು. ಐಆರ್‌ಎಫ್ ಬಳಗ, ಎನ್‌ಎಫ್-ಕಪ್ಪಾ-ಬಿ, ಎಟಿಎಫ್-2 ಮತ್ತು ಜುನ್ ಜೋಡಿ, ಈ ಪ್ರೊಟೀನ್‌ಗಳು ಸುಮಾರು 55 ಅಕ್ಷರಗಳ ಡಿಎನ್‌ಎ ತುಂಡಿನ ಮೇಲೆ ಒತ್ತೊತ್ತಾಗಿ ಕೂತಾಗಲೇ ಉಂಡೆ ಪಕ್ಕಕ್ಕೆ ಜರುಗುತ್ತದೆ. ಸೋಂಕು ತಗುಲಿದ ಕೋಶಗಳಲ್ಲೂ ಕೆಲವು ಮಾತ್ರ ಈ ಜೀನನ್ನು ತೆರೆಯುತ್ತವೆ!

ಇಷ್ಟು ಬಿಗಿ ಯಾಕೆ? ಹಿಂದೆ ಹೆಪಟೈಟಿಸ್-ಸಿ ರೋಗಿಗಳಿಗೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದರು. ಹೊಸ ಸೋಂಕೇನೂ ಇಲ್ಲದಿದ್ದರೂ ಅವರಿಗೆ ಥೇಟ್ ಫ್ಲೂ ಬಂದ ಹಾಗೆ ಜ್ವರ, ಮೈಕೈ ನೋವು. ಸುಮ್ನೆ ಹರಿಯಬಿಡುವ ವಸ್ತುವಲ್ಲ ಇದು. (ಚಿಕುನ್‌ಗುನ್ಯಾ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಕಾಡುವ ಕೀಲುನೋವಿನ ಲೆಕ್ಕ ಬೇರೆ, ಅದು ಕೀಲಿನಲ್ಲೇ ಉಳಿದ ಉರಿಯೂತ.)

ಇಂಟರ್‌ಫೆರಾನ್ ಸಿಕ್ಕಿದ್ದು 1957ರಲ್ಲಿ, ಲಂಡನ್ನಿನಲ್ಲಿ. ಅಲಿಕ್ ಐಸಾಕ್ಸ್ ಮತ್ತು ಝಾನ್ ಲಿಂಡೆನ್‌ಮನ್ ಕೋಳಿಮೊಟ್ಟೆಯೊಳಗಿನ ಪೊರೆಯ ತುಂಡುಗಳನ್ನು, ಬಿಸಿ ಮಾಡಿ ಸೋಂಕುವ ಶಕ್ತಿ ಕಳೆದ ಫ್ಲೂ ವೈರಸ್ ಜೊತೆ ಇಟ್ಟರು. ಆಮೇಲೆ ಉಳಿದ ದ್ರವವನ್ನು ಹೊಸ ಪೊರೆಗೆ ಹಾಕಿದರು. ಆ ಪೊರೆಯಲ್ಲಿ ಜೀವಂತ ವೈರಸ್ ಬೆಳೆಯುವುದೇ ಕಷ್ಟವಾಯಿತು.

ಕಾರಣ, ಇಂಟರ್‌ಫೆರಾನ್ ಮುಟ್ಟಿದ ಪಕ್ಕದ ಕೋಶಗಳಲ್ಲಿ ನೂರಾರು ಜೀನ್‌ಗಳು ಒಟ್ಟಿಗೆ ಏಳುತ್ತವೆ. ಅವುಗಳಿಂದ ಬಂದ ಪಿಕೆಆರ್ ಎಂಬ ಪ್ರೊಟೀನ್, ವೈರಸ್ ಆರ್‌ಎನ್‌ಎ ಕಂಡರೆ ಕೋಶದ ಪ್ರೊಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಇನ್ನೊಂದು ದಾರಿಯಲ್ಲಿ ಚುರುಕಾಗುವ ಆರ್‌ಎನ್‌ಏಸ್-ಎಲ್ ಸಿಕ್ಕ ಆರ್‌ಎನ್‌ಎಯನ್ನು ಕತ್ತರಿಸುತ್ತಾ ಹೋಗುತ್ತದೆ. ಮನೆಗೂ ನಷ್ಟ, ಕಳ್ಳನಿಗೂ ನಷ್ಟ.

ಚಿಕುನ್‌ಗುನ್ಯಾ ಇದಕ್ಕೂ ಉಪಾಯ ಇಟ್ಟುಕೊಂಡಿದೆ. ಅದರ ಎನ್‌ಎಸ್‌ಪಿ-2 ಪ್ರೊಟೀನ್ ನ್ಯೂಕ್ಲಿಯಸ್ಸಿಗೆ ನುಗ್ಗಿ, ಜೀನ್ ಓದುವ ಯಂತ್ರದ ಮುಖ್ಯ ಭಾಗವನ್ನೇ ಕೆಲವು ಗಂಟೆಗಳಲ್ಲಿ ನಾಶಮಾಡುತ್ತದೆ. ಆಮೇಲೆ ಜೀನ್ ತೆರೆದಿದ್ದರೂ ಓದುವವರಿಲ್ಲ. ಅಷ್ಟರೊಳಗೆ ಒಂದಿಷ್ಟು ಇಂಟರ್‌ಫೆರಾನ್ ಹೊರಗೆ ದಾಟಿದ್ದರೆ ಆ ಕೋಶ ಹೋದರೂ ಪಕ್ಕದವು ಬಚಾವ್.