ಬೀಗ ಹಾಕಿದ ಮನೆಯ ಮಾಡಿನಲ್ಲಿ ಪುನುಗು ಬೆಕ್ಕು

"ಡಾಕ್ಟ್ರೇ, ಮಾಡಿನಲ್ಲಿ ಏನೋ ಓಡಾಡ್ತದೆ, ಕಳ್ಳನೋ ಏನೋ!" ಕಾಸರಗೋಡಿನಲ್ಲಿ ಪಶುವೈದ್ಯೆಯಾಗಿರುವ ನನಗೆ ಇಂಥ ಫೋನು ಹೆಚ್ಚಾಗಿ ಬರುವುದು ಗಲ್ಫಿನಿಂದ ರಜೆಗೆ ಬಂದು ಮನೆ ತೆರೆದವರಿಂದ. ಹೋಗಿ ನೋಡಿದರೆ ಪುನುಗು ಬೆಕ್ಕು, ಮಲಯಾಳಿ ನೆರೆಯವರ ಮಾತಿನಲ್ಲಿ ಮರಪ್ಪಟ್ಟಿ. "ಹಿಡಿದು ಕಾಡಿಗೆ ಬಿಡಿ" ಎನ್ನುತ್ತಾರೆ. ಅದು ಕಾಡಿನಿಂದ ದಾರಿ ತಪ್ಪಿ ಬಂದದ್ದಲ್ಲ, ಹುಟ್ಟಿ ಬೆಳೆದದ್ದೇ ಈ ಪೇಟೆಯಲ್ಲಿ.

ಹಗಲು ಮಲಗಲು ಅದಕ್ಕೆ ಮರದ ಪೊಟರೆ ಬೇಕು. ಹಳೆಯ ಮರಗಳು ಹೋದವು, ಹಂಚಿನ ಮನೆಯ ಅಟ್ಟ ಸಿಕ್ಕಿತು. ಈಗ ಟೆರೇಸಿನ ಮೇಲೆ ಹಾಸಿದ ಶೀಟಿನ ಸಂದು, ಫಾಲ್ಸ್ ಸೀಲಿಂಗು. ವರ್ಷವಿಡೀ ಮುಚ್ಚಿದ ಮನೆಯಂತೂ ಇನ್ನೂ ಕ್ಷೇಮ. ತಲೆ ತೂರುವಷ್ಟು ಕಿಂಡಿಯಿದ್ದರೆ ಸಾಕು. ಕೊಂಬೆಯಿಂದ ಕೊಂಬೆಗೆ ದಾಟುತ್ತಿದ್ದದ್ದು ಈಗ ಕೇಬಲಿನ ಮೇಲೆ ನಡೆದು ಪಕ್ಕದ ಮನೆಗೆ ಹೋಗುತ್ತದೆ. ಸಿಂಗಾಪುರದಂಥ ಮಹಾನಗರದಲ್ಲೂ ಇದೇ ಜಾತಿ ಹೀಗೆಯೇ ಬದುಕುತ್ತಿದೆ. ಚಿಕ್ಕು, ಪೇರಳೆ, ಪಪ್ಪಾಯಿ ಹಿತ್ತಿಲಲ್ಲೇ ಇವೆ, ಇಲಿಗಳಿಗೂ ಬರವಿಲ್ಲ. ತಿಂದ ಹಣ್ಣಿನ ಬೀಜ ಹಿಕ್ಕೆಯಲ್ಲಿ ಬಿದ್ದು ಮೊಳೆಯುತ್ತದೆ. ನಿಮ್ಮ ಬೇಲಿಯ ಬೈನೆ ಮರವನ್ನು ಅದೇ ನೆಟ್ಟಿರಬಹುದು!

ಹೊತ್ತನ್ನು ಬದಲಿಸಿಕೊಳ್ಳುವುದು ಇನ್ನೊಂದು ಉಪಾಯ. ಮನುಷ್ಯರ ಓಡಾಟವಿರುವಲ್ಲಿ ಸಸ್ತನಿಗಳು ರಾತ್ರಿಯತ್ತ ಸರಿಯುತ್ತವೆಂದು 62 ಜಾತಿಗಳ ಮಾಹಿತಿ ಕಲೆಹಾಕಿದ 2018ರ ಅಧ್ಯಯನವೊಂದು ತೋರಿಸಿತು. ಪುನುಗು ಮೊದಲೇ ನಿಶಾಚರಿ, ಅದಕ್ಕೆ ಕಷ್ಟವಾಗಲಿಲ್ಲ. ಮುಂಗುಸಿ ಹಗಲಿನದು, ಅಂಗಡಿ ತೆರೆಯುವ ಮೊದಲೇ ಕಸದ ರಾಶಿ ಮುಗಿಸಿ ಹೋಗುತ್ತದೆ.

ಬೋನು ಮಾತ್ರ ಇಡಬೇಡಿ. ಮಾಡಿನಲ್ಲಿ ಎರಡರಿಂದ ಐದು ಮರಿಗಳಿರಬಹುದು. ತಾಯಿಯನ್ನು ಒಯ್ದರೆ ಅವು ಅಲ್ಲೇ ಸಾಯುತ್ತವೆ. ಕಿಂಡಿ ಹಾಗೇ ಉಳಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಅದಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿದೆ, ನಾವಾಗಿ ಹಿಡಿಯುವುದೇ ಅಪರಾಧ. ಅದು ಮಲಗುವ ಹಗಲು ಹೊತ್ತಿನಲ್ಲೇ ಅಟ್ಟದಲ್ಲೊಂದು ದೀಪ ಉರಿಸಿಡಿ, ರೇಡಿಯೋ ಹಚ್ಚಿಡಿ. ನೆಮ್ಮದಿ ಕೆಟ್ಟ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಎಲ್ಲವೂ ಹೋದದ್ದು ಖಚಿತವಾದ ಮೇಲೆ ಕಿಂಡಿಗೆ ಕಬ್ಬಿಣದ ಬಲೆ ಬಡಿಯಿರಿ, ಮಾಡಿಗೆ ತಾಗುವ ಕೊಂಬೆ ಕಡಿಯಿರಿ.

ನನ್ನನ್ನು ಹೆಚ್ಚು ಕಾಡುವುದು ರಸ್ತೆ. ಆರು ಪಥಗಳ ಹೆದ್ದಾರಿ 66ಕ್ಕಾಗಿ ಸಾಲುಮರಗಳು ಉರುಳಿದ ಮೇಲೆ ಮರದ ಮೇಲಿನ ದಾರಿ ಕಡಿದುಹೋಗಿದೆ, ನೆಲಕ್ಕಿಳಿದು ದಾಟಲೇಬೇಕು. ಗಾಯಗೊಂಡದ್ದು ಕಂಡರೆ ಬರಿಗೈಯಲ್ಲಿ ಎತ್ತಬೇಡಿ, ಕಚ್ಚಿದರೆ ರೇಬೀಸಿನ ಭಯವಿದೆ. ಗೋಣಿ ಮುಚ್ಚಿ, ಜನ ಸೇರದಂತೆ ನೋಡಿಕೊಂಡು ಅರಣ್ಯ ಇಲಾಖೆಗೆ ಫೋನು ಮಾಡಿ.