ಪ್ರವಾಹ ನಿಂತಿತು, ಊರು ಪಿರಮಿಡ್ಡಿನ ಬುಡಕ್ಕೆ ಬಂತು

ಪಿರಮಿಡ್ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಮರಳುಗಾಡಿನ ನಡುವಿನ ಒಂಟಿ ಗೋಪುರ. ಆದರೆ ಈಜಿಪ್ಟಿನ ಗೀಜಾದಲ್ಲಿ, ಸಿಂಹದ ಮೈ ಮನುಷ್ಯನ ತಲೆಯ ಸ್ಫಿಂಕ್ಸ್ ಮೂರ್ತಿಯ ಮುಖ ಇರುವ ಕಡೆಗೆ, ಅಂದರೆ ಪೂರ್ವಕ್ಕೆ ನೋಡಿದರೆ, ಎದುರಿಗೇ ನಜ್ಲತ್ ಅಲ್-ಸಮ್ಮಾನ್ ಊರಿನ ಮನೆಗಳು. ಊರು ಇಷ್ಟು ಹತ್ತಿರ ಬಂದದ್ದರ ಹಿಂದೆ ಇರುವುದು ಮುಖ್ಯವಾಗಿ ನೀರು.

ಜುಲೈನಿಂದ ಅಕ್ಟೋಬರ್‌ವರೆಗೆ ನೈಲ್ ನದಿ ಉಕ್ಕಿ, ಪಿರಮಿಡ್ಡುಗಳು ನಿಂತಿರುವ ಪ್ರಸ್ಥಭೂಮಿಯ ಬುಡದ ಹೊಲಗಳನ್ನೆಲ್ಲ ಹಿಂದೆ ಪ್ರತಿವರ್ಷ ಮುಳುಗಿಸುತ್ತಿತ್ತು. ಹಳ್ಳಿಗಳು ದಿಬ್ಬ ಹುಡುಕಿ ಕೂರುತ್ತಿದ್ದವು, ತಗ್ಗಿನಲ್ಲಿ ಯಾರೂ ಮನೆ ಕಟ್ಟುತ್ತಿರಲಿಲ್ಲ. 1869ರಲ್ಲಿ ಸುಯೆಜ್ ಕಾಲುವೆಯ ಉದ್ಘಾಟನೆಗೆ ಬಂದ ಅತಿಥಿಗಳಿಗಾಗಿ ಈಜಿಪ್ಟಿನ ಆಗಿನ ದೊರೆ ಖೆದಿವ್ ಇಸ್ಮಾಯಿಲ್ ಕೈರೋದಿಂದ ಪಿರಮಿಡ್ಡಿನವರೆಗೆ ರಸ್ತೆ ಹಾಕಿಸಿದಾಗ, ಅದನ್ನೂ ಏರಿಯ ಮೇಲೆ ಎತ್ತರಿಸಿಯೇ ಕಟ್ಟಬೇಕಾಯಿತು. ಆಮೇಲೆ ಅಲ್ಲಿ ಟ್ರಾಮ್ ಕೂಡ ಓಡಿತು. ನೈಲ್‌ಗೆ ಅಡ್ಡಲಾಗಿ ಕಟ್ಟಿದ ಅಸ್ವಾನ್ ಹೈ ಡ್ಯಾಮ್ 1964ರಿಂದ ನೀರು ತಡೆಹಿಡಿಯತೊಡಗಿ 1970ರಲ್ಲಿ ಪೂರ್ಣಗೊಂಡಿತು. ಪ್ರವಾಹ ನಿಂತಿತು. ಹೊಲ ವರ್ಷವಿಡೀ ಒಣನೆಲವಾಯಿತು, ಆ ರಸ್ತೆಯ ಎರಡೂ ಬದಿ ಕೈರೋ ಬೆಳೆಯಿತು.

ಬೇಡವಾದ ನೀರು ಮಾತ್ರ ಕೆಳಗಿನಿಂದ ಬಂತು. ಊರಿಗೆ ಒಳಚರಂಡಿ ಇರಲಿಲ್ಲ, ಮನೆಗಳ ಕೊಳೆನೀರು ಗುಂಡಿಗಳಲ್ಲೇ ಇಂಗುತ್ತಿತ್ತು. ಕಾಲುವೆ, ತೋಟಗಳ ನೀರೂ ಸೇರಿ ಅಂತರ್ಜಲ ಏರಿತು. ಸುಮಾರು 73 ಮೀಟರ್ ಉದ್ದದ ಸ್ಫಿಂಕ್ಸ್ ಜೋಡಿಸಿದ ಕಲ್ಲಿನದ್ದಲ್ಲ, ಅಲ್ಲಿನ ಸುಣ್ಣಕಲ್ಲಿನ ಬಂಡೆಯನ್ನೇ ಕಡೆದದ್ದು. ತಲೆಯ ಪದರ ಗಟ್ಟಿ. ಮೈಯ ಪದರಗಳು ಒಂದು ಮೆದು, ಒಂದು ಗಟ್ಟಿ. ದೀಪದ ಬತ್ತಿ ಎಣ್ಣೆ ಎಳೆದಂತೆ ಮೆದು ಪದರ ತೇವವನ್ನು ಮೇಲಕ್ಕೆ ಎಳೆಯುತ್ತದೆ, ಕಲ್ಲಿನೊಳಗಿನ ಉಪ್ಪೂ ಅದರಲ್ಲಿ ಕರಗಿ ಬರುತ್ತದೆ. ಬಿಸಿಲಿಗೆ ನೀರು ಆರಿದಾಗ ಉಪ್ಪು ಮೇಲ್ಮೈಯ ಹಿಂದೆಯೇ ಹರಳುಗಟ್ಟಿ ಉಬ್ಬುತ್ತದೆ, ಕಲ್ಲು ಹಪ್ಪಳದಂತೆ ಏಳುತ್ತದೆ.

1980ರ ದಶಕದ ದುರಸ್ತಿ ಇದನ್ನು ಇನ್ನಷ್ಟು ಕೆಡಿಸಿತು. ಹೊಸ ಕಲ್ಲುಗಳ ಹಿಂದೆ ಸಿಮೆಂಟ್ ಗಾರೆ ತುಂಬಿದ್ದರು. ಸಿಮೆಂಟ್ ತೇವವನ್ನು ಹೊರಬಿಡುವುದಿಲ್ಲ, ಜೊತೆಗೆ ತನ್ನ ಉಪ್ಪನ್ನೂ ಬಿಡುತ್ತದೆ. 1988ರ ಫೆಬ್ರುವರಿಯಲ್ಲಿ ಬಲ ಭುಜದಿಂದ ಕಲ್ಲು ಕಳಚಿ ಬಿತ್ತು, ಪುರಾತತ್ವ ಇಲಾಖೆಯ ಮುಖ್ಯಸ್ಥರು ಹುದ್ದೆ ಕಳೆದುಕೊಂಡರು. ಸಿಮೆಂಟ್ ತೆಗೆದು ಸುಣ್ಣ-ಮರಳಿನ ಗಾರೆಯಲ್ಲಿ ಕಲ್ಲು ಕೂರಿಸುವ ಕೆಲಸ ಮುಗಿದದ್ದು 1998ರಲ್ಲಿ. ಮುಂದೆ ಪಂಪ್‌ಗಳನ್ನು ಇಳಿಸಿ ಅಂತರ್ಜಲ ತಗ್ಗಿಸಲಾಯಿತು. ಇದು ಹದ ಬೇಡುವ ಕೆಲಸ: ರಭಸದಿಂದ ಎಳೆದರೆ ನೀರಿನ ಜೊತೆ ನುಣ್ಣನೆ ಮರಳೂ ಬಂದು ನೆಲ ಕುಸಿಯುತ್ತದೆ.

ಊರಿಗೆ ಕೊನೆಗೂ ಒಳಚರಂಡಿ ಹಾಕಲು ಅಗೆದಾಗ ಅಡಿಯಲ್ಲಿ ಬೇರೆಯದೇ ಜಗತ್ತು ಸಿಕ್ಕಿತು. 1990ರಲ್ಲಿ, ಸುಮಾರು 4.5 ಮೀಟರ್ ಆಳದಲ್ಲಿ, ಕಪ್ಪು ಬಸಾಲ್ಟ್ ಕಲ್ಲಿನ ನೆಲಹಾಸು. ಅದು ಮಹಾ ಪಿರಮಿಡ್ ಕಟ್ಟಿಸಿದ ಖುಫು ರಾಜನ ಕಣಿವೆ ದೇಗುಲದ್ದು, ಅಂದರೆ ಪಿರಮಿಡ್ಡಿಗೆ ಸೇರಿದ ತಗ್ಗಿನ ದೇಗುಲದ್ದು, ಎಂದು ಗುರುತಿಸಲಾಯಿತು. ಸ್ಫಿಂಕ್ಸ್‌ನ ದಕ್ಷಿಣಕ್ಕೆ ಸುಮಾರು 200 ಮೀಟರ್ ಉದ್ದ, 10 ಮೀಟರ್ ಎತ್ತರದ 'ಕಾಗೆಗೋಡೆ' ಎಂಬ ಹಳೆಯ ಕಲ್ಲುಗೋಡೆಯ ಆಚೆ, ಪುರಾತತ್ವಜ್ಞ ಮಾರ್ಕ್ ಲೆಹ್ನರ್ ತಂಡ 1988ರಿಂದ ಅಗೆದು ತೆಗೆದದ್ದು ಪಿರಮಿಡ್ ಕಟ್ಟಿದವರ ಪಟ್ಟಣ: ಬೀದಿಗಳು, ಉದ್ದನೆಯ ಮನೆಗಳು, ರೊಟ್ಟಿ ಸುಡುವ ಮನೆಗಳು. ಅಂದರೆ 4,500 ವರ್ಷಗಳ ಹಿಂದೆಯೂ ಪಿರಮಿಡ್ಡಿನ ಪಕ್ಕ ಊರಿತ್ತು.

ಹಾಗಾಗಿಯೇ ಇಲ್ಲಿ ಹೊಸ ಕಟ್ಟಡಕ್ಕೂ ರಸ್ತೆಗೂ ತಕರಾರು ಎದ್ದಿದೆ. ಪ್ರಸ್ಥಭೂಮಿಯಲ್ಲಿ ವಿಲ್ಲಾ, ಹೋಟೆಲ್ ಕಟ್ಟುವ ಯೋಜನೆಯನ್ನು ಈಜಿಪ್ಟಿನ ಲೇಖಕಿ ನಿಅಮತ್ ಫುಆದ್ ಹೋರಾಡಿ ತಡೆದರು, 1978ರಲ್ಲಿ ಅದು ರದ್ದಾಯಿತು. ಮರುವರ್ಷವೇ ಗೀಜಾದಿಂದ ದಹ್ಶೂರ್‌ವರೆಗಿನ ಪಿರಮಿಡ್ ಸೀಮೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಯುನೆಸ್ಕೊದ ಆಕ್ಷೇಪದಿಂದ 1995ರಲ್ಲಿ ಹೆದ್ದಾರಿಯೊಂದರ ದಾರಿಯೇ ಬದಲಾಯಿತು. 2020ರಲ್ಲಿ ಮತ್ತೆ ಎರಡು ಅಗಲ ಹೆದ್ದಾರಿಗಳ ಕೆಲಸ ನಡೆದಿತ್ತು: ಒಂದು ಗೀಜಾದ ದಕ್ಷಿಣಕ್ಕೆ, ಇನ್ನೊಂದು ಸಕ್ಕಾರ-ದಹ್ಶೂರ್ ನಡುವೆ. ಒಳಚರಂಡಿಯ ಕಾಲುವೆಯೊಂದರಲ್ಲೇ ದೇಗುಲದ ನೆಲ ಸಿಕ್ಕ ಸೀಮೆ ಇದು. ಡಾಂಬರು ಬೀಳುವ ಮೊದಲು ಅಗೆದು ನೋಡಲೇಬೇಕಾದ ನೆಲ.